ಕ್ಯಾತಮ್ಮನ ಸಾರುದೊಣೆ

ಮೇಗಳಹಟ್ಟಿಗೂ ಕೆಳಗಳಹಟ್ಟಿಗೂ ನಡುವೆ ಒಂದು ಬೋಳುಗುಡ್ಡವಿದೆ. ಗುಡ್ಡವೆಂದರೆ ಪೂರಾ ಬಂಡೆ. ಹಸಿರು ಎಂಬುದಿದ್ದರೆ ಅಲ್ಲೊಂದು ಇಲ್ಲೊಂದು ಕಳ್ಳಿಗಿಡ, ನೆತ್ತಿಯಲ್ಲೊಂದು ಬಸರಿ ಮರ, ಅಷ್ಟೆ. ಬುಡದಲ್ಲಿ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವ ಹೊತ್ತಿಗೆ ನೆತ್ತಿ ಸಿಗುತ್ತದೆ. ಅಲ್ಲಿ ರಂಗಪ್ಪನ ಗುಡಿ. ಎಂಥ ದೊಡ್ಡ ಮನುಷ್ಯನಾದರೂ ನಡು ಬಗ್ಗಿಸಿಯೇ ಒಳಗೆ ಹೋಗಬೇಕು, ಬಾಗಿಲು ಅಷ್ಟು ಗಿಡ್ಡ. ಗುಡಿಯ ಹಿಂದೆ ಬಂಡೆಯೇ ತಾನಾಗಿ ಕುಸಿದು ಆದ, ಮಳೆನೀರು ನಿಲ್ಲುವ ಒಂದು ದೊಣೆ. ಉದ್ದ ಹನ್ನೆರಡು ಮಾರು, ಆಳ ಎದೆಮಟ್ಟ. ಬೇರೆ ಗುಡ್ಡಗಳ ದೊಣೆಗಳಿಗೆ ಭೀಮನ ಹೆಸರೋ ಸೀತೆಯ ಹೆಸರೋ ಇರುತ್ತದೆ. ಇದಕ್ಕೆ ಮಾತ್ರ ಸಾರುದೊಣೆ ಎಂದು ಹೆಸರು. ದೊಣೆಯ ಒಳಮೈಯಲ್ಲಿ ಸುತ್ತಲೂ ಒಂದು ಕೆಂಪು ಪಟ್ಟೆ ಎದ್ದು ಕಾಣುತ್ತದೆ. ಕೆಳಗಳಹಟ್ಟಿಯ ಒಬ್ಬ ನಿವೃತ್ತ ಮೇಷ್ಟ್ರು ಶಾಲೆಯ ಸ್ಮರಣ ಸಂಚಿಕೆಯಲ್ಲಿ, ಅದು ಕಲ್ಲಿನೊಳಗಿನ ಕಬ್ಬಿಣದ ಬಣ್ಣವೆಂದೂ ಈ ದೊಣೆ ಪಾಳೇಗಾರನ ರಾಣಿಯ ಮಜ್ಜನದ ಕೊಳವಾಗಿತ್ತೆಂದೂ ಬರೆದಿದ್ದಾರೆ. ಕಬ್ಬಿಣವಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮೀಯಲೆಂದು ರಾಣಿಯೊಬ್ಬಳು ಈ ಬೋಳುಗುಡ್ಡ ಹತ್ತಿ ಬರುತ್ತಿದ್ದಳು ಎನ್ನುವುದನ್ನು ನಂಬಲು ಎರಡೂ ಹಟ್ಟಿಯ ಹಿರಿಯರು ತಯಾರಿಲ್ಲ. ಅವರು ಹೇಳುವ ಕತೆ ಒಂದೇ. ಅದರಲ್ಲಿ ಯಾವ ಹಟ್ಟಿಯವರು ಹೆಚ್ಚು ದಡ್ಡರು ಎಂಬಷ್ಟರಲ್ಲಿ ಮಾತ್ರ ವ್ಯತ್ಯಾಸವಿದೆ.

ಹಿಂದೆ ಒಮ್ಮೆ, ಪಾಳೇಗಾರರು ಇನ್ನೂ ಕಂದಾಯ ಎತ್ತುತ್ತಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿದ್ದ ಒಂದೇ ಒಂದು ಸಿಹಿನೀರಿನ ಬಾವಿಯಿಂದ ಎರಡೂ ಹಟ್ಟಿಯವರು ನೀರು ಸೇದುತ್ತಿದ್ದರು. ಒಂದು ದಿನ ಮೇಗಳಹಟ್ಟಿಯ ಎಮ್ಮೆಯೊಂದು ಬಾವಿಯ ಮೆಟ್ಟಿಲಿಳಿದು ನೀರಿನಲ್ಲಿ ಮಲಗಿಬಿಟ್ಟಿತು. ಅದನ್ನು ಎಬ್ಬಿಸುವಾಗ ಕೆಳಗಳಹಟ್ಟಿಯವರು ಒಂದು ಮಾತು ಆಡಿದರು. ಮೇಗಳಹಟ್ಟಿಯವರು ಎರಡು ಆಡಿದರು. ಆ ಮಾತುಗಳು ಏನೆಂದು ಈಗ ಯಾರೂ ಹೇಳುವುದಿಲ್ಲ, ಹೇಳುವಂಥವಲ್ಲ ಎನ್ನುತ್ತಾರೆ. ಎಮ್ಮೆ ಸಂಜೆಯ ಹೊತ್ತಿಗೆ ತಾನಾಗಿಯೇ ಎದ್ದು ಮನೆಗೆ ಹೋಯಿತು, ಜಗಳ ಮಾತ್ರ ಅಲ್ಲೇ ಮಲಗಿತು. ಕೆಳಗಳಹಟ್ಟಿಯ ದ್ಯಾವೇಗೌಡ ಬಾವಿಗೆ ಮುಳ್ಳಿನ ಬೇಲಿ ಹಾಕಿಸಿದ. ಮೇಗಳಹಟ್ಟಿಯ ಕೆಂಚೇಗೌಡ ರಂಗಪ್ಪನ ಗುಡಿಯ ಮುಂದೆ ನಿಂತು, ಆ ಬಾವಿಯ ನೀರು ತನ್ನ ಗಂಟಲಲ್ಲಿ ಇಳಿದರೆ ತಾನು ಕೆಂಚೇಗೌಡನೇ ಅಲ್ಲವೆಂದು ಆಣೆ ಇಟ್ಟ. ತಮ್ಮದೇ ಒಂದು ಬಾವಿ ತೋಡಿಸಿದ. ಅದರ ನೀರು ಎಷ್ಟು ಸವುಳು ಎಂದರೆ ಬೇಳೆ ಬೇಯಲು ಬೆಳಗಿಂದ ಮಧ್ಯಾಹ್ನ ಬೇಕಾಗುತ್ತಿತ್ತು. ಆದರೂ ಮೇಗಳಹಟ್ಟಿಯವರು ಅದನ್ನೇ ಕುಡಿದು, ಬಲು ರುಚಿಯಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ದಿನ ದೂಡಿದರು. ಹೆಣ್ಣು ಕೊಡುವುದು ತರುವುದು ನಿಂತಿತು. ಹಬ್ಬಕ್ಕೆ ಕರೆಯುವುದು ಹೋಗುವುದು ನಿಂತಿತು. ಹೀಗೆ ಹನ್ನೆರಡು ವರ್ಷ ನಡೆಯಿತು.

ಈ ಹನ್ನೆರಡು ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಮೇಗಳಹಟ್ಟಿಯ ಕ್ಯಾತಮ್ಮ. ಗಂಡನಿಲ್ಲದ ಹೆಂಗಸು, ಇದ್ದವಳು ಒಬ್ಬಳೇ ಮಗಳು ಗಿರಿಯಮ್ಮ. ಆಕೆಯನ್ನು ಕೆಳಗಳಹಟ್ಟಿಗೆ ಕೊಟ್ಟು ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ಆ ಹಾಳು ಎಮ್ಮೆ ಬಾವಿಗಿಳಿಯಿತು. ಮಗಳು ಚೊಚ್ಚಲು ಬಸುರಿಯಾದ ಸುದ್ದಿಯನ್ನು ಕ್ಯಾತಮ್ಮ ಬಳೆಗಾರನ ಬಾಯಿಂದ ಕೇಳಿದಳು. ಬಾಣಂತನ ತವರಿನಲ್ಲಾಗಬೇಕು, ಅದು ಲೋಕರೂಢಿ. ಆದರೆ ಊರೆಲ್ಲ ಒಂದು ಮಾತಿಗೆ ಕಟ್ಟುಬಿದ್ದಿರುವಾಗ ತಾನೊಬ್ಬಳು ಹೇಗೆ ಹೋಗಿ ಕರೆಯುವುದೆಂದು ಹಿಂಜರಿದಳು. ಎರಡನೆಯ ಸಲವೂ ಹಾಗೇ ಆಯಿತು. ಇಬ್ಬರು ಮೊಮ್ಮಕ್ಕಳು ಹುಟ್ಟಿ, ಹೆಸರಿಟ್ಟು, ಬಳೆ ತೊಡುವಷ್ಟು ದೊಡ್ಡವರಾದರು. ಅವರ ಕೈಯ ಅಳತೆ ಅಜ್ಜಿಗಿಂತ ಚೆನ್ನಾಗಿ ಬಳೆಗಾರನಿಗೆ ಗೊತ್ತಿತ್ತು. ಕ್ಯಾತಮ್ಮನಿಗೆ ಗೊತ್ತಿದ್ದದ್ದು ತನ್ನ ಹಿತ್ತಿಲಿನಿಂದ ಕಾಣುವ ಮಗಳ ಮನೆಯ ಒಲೆಯ ಹೊಗೆ ಮಾತ್ರ. ಬೆಳಿಗ್ಗೆ ಹೊಗೆ ಎದ್ದರೆ ಇವಳೂ ಒಲೆ ಹಚ್ಚುತ್ತಿದ್ದಳು. ಹೊಗೆ ತಡವಾದ ದಿನ ಇವಳ ಒಲೆಯೂ ತಣ್ಣಗಿರುತ್ತಿತ್ತು. ಕರೆಯದೆ ಉಳಿದದ್ದು ತನ್ನ ತಪ್ಪೆಂದು ಅವಳಿಗೆ ಗೊತ್ತಿತ್ತು.

ಕೊನೆಗೆ ರಾಜಿ ಮಾಡಿಸಿದವನು ಗುಡಿಯ ಪೂಜಾರಿ ದಾಸಪ್ಪ. ವರ್ಷಕ್ಕೊಮ್ಮೆ ಗುಡ್ಡದ ಮೇಲೆ ನಡೆಯುವ ಊರೊಟ್ಟಿನ ಊಟಕ್ಕೆ ನಮ್ಮ ಕಡೆ ಪರ ಎನ್ನುತ್ತಾರೆ. ಜಗಳವಾದ ಮೇಲೆ ಹಟ್ಟಿಗೊಂದರಂತೆ ಎರಡು ಪರ ನಡೆದು, ದಾಸಪ್ಪ ಎರಡೆರಡು ಸಲ ಗುಡ್ಡ ಹತ್ತಿ ಮಂಡಿ ಸವೆಸಿಕೊಂಡಿದ್ದ. ಮದುವೆಯ ವಯಸ್ಸಿಗೆ ಬಂದ ಗಂಡುಹೆಣ್ಣುಗಳೂ ಎರಡೂ ಕಡೆ ಮನೆಯಲ್ಲೇ ಉಳಿದಿದ್ದವು. ಹಾಗಾಗಿ ಇಬ್ಬರು ಗೌಡರೂ ಬೇಡವೆನ್ನುತ್ತಲೇ ಒಪ್ಪಿದರು. ಒಪ್ಪಂದ ಇಷ್ಟೆ: ಎರಡೂ ಹಟ್ಟಿಯ ಹುರುಳಿ ಒಂದೇ ಕೊಪ್ಪರಿಗೆಯಲ್ಲಿ ಬೆಂದು, ಒಂದೇ ಸಾರಾಗಿ, ದೇವರಿಗೆ ಎಡೆಯಾಗಬೇಕು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಒಬ್ಬನೇ ಒಬ್ಬ ಎಲೆಯಲ್ಲಿ ಬಿಟ್ಟು ಎದ್ದರೂ ರಾಜಿ ಮುರಿದಂತೆ. ಪರದ ಹಳೆಯ ಕಟ್ಟಳೆಗಳಂತೂ ಇದ್ದೇ ಇದ್ದವು. ಎಡೆಗೆ ಮುಂಚೆ ಯಾರೂ ನಾಲಗೆಗೆ ಮುಟ್ಟಿಸಿ ರುಚಿ ನೋಡಬಾರದು. ಎಡೆಯಾದ ಮೇಲೆ ಅದು ಪ್ರಸಾದ, ಒಂದು ತೊಟ್ಟನ್ನೂ ಚೆಲ್ಲಬಾರದು, ಗುಡ್ಡದಿಂದ ಕೆಳಗೆ ಇಳಿಸಲೂಬಾರದು, ಮುಗಿಯುವ ತನಕ ಅಲ್ಲೇ ಕೂತು ಉಣ್ಣಬೇಕು. ಪರದ ಸಾರು ಮಾಡುವ ಹಕ್ಕು ತಲೆತಲಾಂತರದಿಂದ ಕ್ಯಾತಮ್ಮನ ಮನೆಯದು. ರುಚಿ ನೋಡುವಂತಿಲ್ಲವಾದ್ದರಿಂದ ಆ ಮನೆಯ ಹೆಂಗಸರು ಮೂಗಿನಿಂದಲೇ ಅಡುಗೆ ಮಾಡುವುದನ್ನು ಕಲಿತಿದ್ದರು. ಕೊಪ್ಪರಿಗೆಯ ಹಬೆಗೆ ಮುಖ ಒಡ್ಡಿ ಒಂದು ಸಲ ಉಸಿರೆಳೆದರೆ ಉಪ್ಪು, ಹುಳಿ, ಖಾರ ಮೂರೂ ಎಷ್ಟೆಷ್ಟೆಂದು ಕ್ಯಾತಮ್ಮ ಹೇಳುತ್ತಿದ್ದಳು. ಒಂದು ವರ್ಷವೂ ಹದ ತಪ್ಪಿದ್ದಿಲ್ಲ.

ಆ ವರ್ಷ, ಅದೂ ಪರಕ್ಕೆ ಮೂರು ದಿನ ಇರುವಾಗ, ಕ್ಯಾತಮ್ಮನಿಗೆ ನೆಗಡಿ ಬಂತು. ಮಗಳು ತನ್ನ ಕೈಯೂಟ ಉಣ್ಣುತ್ತಾಳೆಂಬ ಸಡಗರದಲ್ಲಿ ಮಡಿ ಹೆಚ್ಚಾಗಲೆಂದು ಬೆಳಗಿನ ಜಾವ ಎರಡೆರಡು ಸಲ ತಣ್ಣೀರು ಸುರಿದುಕೊಂಡಿದ್ದೇ ಕಾರಣ. ಮೂಗು ಎರಡೂ ಕಡೆ ಕಟ್ಟಿ ಗಾರೆ ಹಾಕಿದಂತಾಯಿತು. ಕಷಾಯ ಕುಡಿದಳು, ಕೆಂಡದ ಮೇಲೆ ಅರಿಶಿನ ಹಾಕಿ ಹೊಗೆ ತೆಗೆದುಕೊಂಡಳು. ಏನೂ ನಡೆಯಲಿಲ್ಲ. ಹೇಳಿಬಿಟ್ಟರೆ ಅಡುಗೆಗೆ ಕೆಳಗಳಹಟ್ಟಿಯವರು ತಮ್ಮವಳನ್ನು ಕಳಿಸುತ್ತಾರೆ, ಅದಕ್ಕೆ ಕೆಂಚೇಗೌಡ ಒಪ್ಪುವುದಿಲ್ಲ, ಅಲ್ಲಿಗೆ ರಾಜಿಯೂ ಮುಗಿಯುತ್ತದೆ, ಮಗಳೂ ಬರುವುದಿಲ್ಲ. ಇದೆಲ್ಲ ಯೋಚಿಸಿ, ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡು, ಯಾರ ಮುಂದೆಯೂ ಬಾಯಿ ಬಿಡದೆ ಗುಡ್ಡ ಹತ್ತಿದಳು.

ಹುರುಳಿ ಬೆಂದಿತು, ಕಟ್ಟು ಬಸಿದಾಯಿತು, ಸಾರು ಕುದಿಯತೊಡಗಿತು. ಎರಡು ಹಟ್ಟಿಗಳಿಂದ ಒಂದೊಂದು ಮೂಟೆ ಖಾರದ ಪುಡಿ ಬಂದಿತ್ತು. ಕ್ಯಾತಮ್ಮ ಅಂದಾಜಿಗೆ ನಾಲ್ಕು ಬೊಗಸೆ ಹಾಕಿ ಹಬೆಗೆ ಮುಖ ಒಡ್ಡಿದಳು. ಏನೂ ವಾಸನೆ ಬರಲಿಲ್ಲ. ಪುಡಿ ಹಳೆಯದಿರಬೇಕು, ಸತ್ವ ಹೋಗಿದೆ ಎಂದುಕೊಂಡು ಇನ್ನೆರಡು ಬೊಗಸೆ ಹಾಕಿದಳು. ಆಗಲೂ ಬರಲಿಲ್ಲ. ತಮ್ಮ ಹಟ್ಟಿಯ ಪುಡಿಯೇ ಹೀಗೆ, ಕೆಳಗಳಹಟ್ಟಿಯದಾದರೂ ಘಾಟು ಇದ್ದೀತೆಂದು ಆ ಮೂಟೆಯನ್ನೂ ಬಿಚ್ಚಿದಳು. ಅಷ್ಟರಲ್ಲಿ ಸೌದೆ ಒಟ್ಟುತ್ತಿದ್ದವನೊಬ್ಬ ಸೀನಿದ. ಮುದ್ದೆ ತಿರುವುತ್ತಿದ್ದ ಇಬ್ಬರು ಸೀನಿದರು. ಬಸರಿ ಮರದ ಮೇಲಿದ್ದ ಕಾಗೆಗಳು ಎದ್ದುಹೋದವು. ಗುಡಿಯ ಜಗಲಿಯಲ್ಲಿ ಕೂತಿದ್ದ ಯಜಮಾನರು ಒಬ್ಬರಾದ ಮೇಲೆ ಒಬ್ಬರು ಹೆಗಲ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡರು. ಅಯ್ಯೋ ದೇವರೇ, ನನ್ನ ನೆಗಡಿ ಊರಿಗೆಲ್ಲ ಅಂಟಿತಲ್ಲ ಎಂದು ಕ್ಯಾತಮ್ಮ ಮರುಗಿದಳು. ನೆಗಡಿಯವರಿಗೆ ಖಾರ ಒಳ್ಳೆಯದು ಎಂದು ಉಳಿದ ಪುಡಿಯನ್ನೂ ಮೂಟೆ ಸಮೇತ ಕೊಡವಿದಳು.

ಎಡೆಯ ಹೊತ್ತಾಯಿತು. ದಾಸಪ್ಪ ಒಂದು ಮುದ್ದೆ, ಒಂದು ಬಟ್ಟಲು ಸಾರು ಹಿಡಿದು ನಡು ಬಗ್ಗಿಸಿ ಒಳಗೆ ಹೋಗಿ ಪರದೆ ಎಳೆದ. ದೇವರಿಗೆ ತೋರಿಸಿದ ಮೇಲೆ ಮೊದಲ ತುತ್ತು ಪೂಜಾರಿ ಉಣ್ಣುವುದು ಪದ್ಧತಿ. ಹೊರಗೆ ಎರಡೂ ಹಟ್ಟಿಯವರು ಕೈ ಮುಗಿದು ನಿಂತಿದ್ದರು. ಒಳಗೆ ಗಂಟೆ ಒಂದು ಸಲ ಹೊಡೆದು ನಿಂತಿತು. ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಪರದೆ ಹರಿಯುವಂತೆ ಸರಿದು ದಾಸಪ್ಪ ಹೊರಗೆ ಬಂದ. ಮುಖ ಕೆಂಪು, ಕಣ್ಣಲ್ಲಿ ಧಾರೆ, ಬಾಯಿಂದ ಮಾತಿಲ್ಲ, ಎರಡೂ ಕೈ ಮೇಲೆತ್ತಿ ನಿಂತಲ್ಲೇ ಕುಣಿಯುತ್ತಿದ್ದಾನೆ. ಹನ್ನೆರಡು ವರ್ಷದ ಮೇಲೆ ರಂಗಪ್ಪ ಮೈಮೇಲೆ ಬಂದನೆಂದು ಜನ ಅಡ್ಡಬಿದ್ದರು. ದಾಸಪ್ಪ ನೀರಿನ ಬಿಂದಿಗೆಯತ್ತ ಬೆರಳು ತೋರಿಸಿದ. ದೇವರು ಮಜ್ಜನ ಕೇಳುತ್ತಿದ್ದಾನೆಂದು ನಾಲ್ಕು ಜನ ಸೇರಿ ಬಿಂದಿಗೆಯನ್ನು ಅವನ ತಲೆಯ ಮೇಲೆ ಬೋರಲು ಹಾಕಿದರು. ಪಾಪ, ಮೀಸೆಯಿಂದ ಇಳಿದ ನಾಲ್ಕು ಹನಿಯನ್ನು ನೆಕ್ಕಿಕೊಂಡು ಅವನು ಅಡುಗೆಯ ಒಲೆಯತ್ತ ಓಡಿದ.

ಕ್ಯಾತಮ್ಮ ತನ್ನ ಸಾರಿಗೆ ದೇವರೇ ಕುಣಿದನೆಂದು ಹಿಗ್ಗಿ ನಿಂತಿದ್ದಳು. ದಾಸಪ್ಪ ಮಾತಾಡದೆ ಒಂದು ಸೌಟು ಸಾರು ತೆಗೆದು ಅವಳ ಅಂಗೈಗೆ ಹನಿಸಿದ. ಎಡೆಯಾಗಿತ್ತು, ಇನ್ನು ರುಚಿ ನೋಡಬಹುದು. ನೋಡಿದಳು. ಮೊದಲು ಕಿವಿಯಲ್ಲಿ ಗುಯ್ ಎಂದಿತು. ಆಮೇಲೆ ಮೂರು ದಿನದಿಂದ ಕಟ್ಟಿದ್ದ ಮೂಗು ಎರಡೂ ಕಡೆ ಫಕ್ಕನೆ ಬಿಟ್ಟಿತು. ಆಗ ಬಂತು ಕೊಪ್ಪರಿಗೆಯ ವಾಸನೆ. ತಾನೇನು ಮಾಡಿದ್ದೇನೆಂದು ಕ್ಯಾತಮ್ಮನಿಗೆ ಆ ಒಂದು ಉಸಿರಿನಲ್ಲಿ ಪೂರ್ತಿ ತಿಳಿಯಿತು. ಅತ್ತ ಬಂಡೆಯ ಮೇಲೆ ಮುತ್ತುಗದೆಲೆ ಹಾಸಿ ಎರಡು ಹಟ್ಟಿಯ ಜನ ಎದುರುಬದುರು ಕೂರುತ್ತಿದ್ದರು. ಈ ಸಾರನ್ನು ಬಡಿಸಿದರೆ ಎಲೆ ಬಿಡದೆ ಏಳುವ ಗಂಡಸು ಎರಡು ಹಟ್ಟಿಯಲ್ಲೂ ಇರಲಿಲ್ಲ. ಒಂದು ಎಲೆ ಉಳಿದರೆ ಸಾಕು, ಇನ್ನು ಹನ್ನೆರಡು ವರ್ಷ ಹೊಗೆ ನೋಡಿಕೊಂಡು ಕೂರಬೇಕು. ಅಷ್ಟು ವರ್ಷ ತಾನಿರುತ್ತೇನೋ ಇಲ್ಲವೋ. ಅವಳು ಒಲೆಯ ಮುಂದೆಯೇ ಕೂತುಬಿಟ್ಟಳು. ಆಗ ಹಿಂದಿನಿಂದ ಒಂದು ದನಿ ಕೇಳಿತು.

"ಅವ್ವಾ, ನಿಂಗೆ ನೆಗಡಿ ಆಗೈತಾ?"

ಹನ್ನೆರಡು ವರ್ಷದ ಮೇಲೆ ಮಗಳು ಆಡಿದ ಮೊದಲ ಮಾತು ಅದು. ಗಿರಿಯಮ್ಮ ಮೈಕೈ ತುಂಬಿಕೊಂಡಿದ್ದಳು, ಗುರುತು ಸಿಗದಷ್ಟು. ದನಿ ಮಾತ್ರ ಅದೇ. ಕ್ಯಾತಮ್ಮನಿಗೆ ಅಳು ಬಂತು, ಆದರೆ ಖಾರಕ್ಕೆ ಆಗಲೇ ಕಣ್ಣೀರು ಸುರಿಯುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

"ಯಾರ್ಗೂ ಹೇಳ್ಬ್ಯಾಡ ಕಣೆ," ಎಂದಳು.

"ಹೇಳೋದೇನ್ ಬಂತವ್ವಾ, ಆವಾಗ್ಲಿಂದ ಗುಡ್ಡಕ್ ಗುಡ್ಡವೇ ಸೀನ್ತಾ ಐತೆ. ಏಳು. ನೀರು ಹೊಯ್ದು ತೆಳ್ಳಗ್ ಮಾಡಾನ."

ಕೊಪ್ಪರಿಗೆ ಬಾಯಿತನಕ ತುಂಬಿತ್ತು, ಒಂದು ಚೊಂಬು ನೀರಿಗೂ ಜಾಗವಿರಲಿಲ್ಲ. ಮೇಲೆ ತಂದಿದ್ದ ಮೇಗಳಹಟ್ಟಿಯ ನೀರೂ ಅಡುಗೆಗೇ ಮುಗಿದಿತ್ತು. ಇದ್ದದ್ದು ಕೆಳಗಳಹಟ್ಟಿಯವರು ತಮಗೆಂದು ತಂದುಕೊಂಡಿದ್ದ ಸಿಹಿನೀರು ಮಾತ್ರ. ವಿಷಯ ಮುಚ್ಚಿಡುವಂತಿರಲಿಲ್ಲ. ಕ್ಯಾತಮ್ಮ ಸೆರಗು ಬಿಗಿದು ಪಂಕ್ತಿಯ ಮುಂದೆ ಹೋಗಿ ನಿಂತಳು. ತಪ್ಪು ತನ್ನದು, ಮೂಗು ಕಟ್ಟಿತ್ತು, ಖಾರ ಜಾಸ್ತಿಯಾಗಿದೆ, ಬಡಿಸುವ ಮುಂಚೆ ಯಜಮಾನರು ನೋಡಬೇಕೆಂದಳು. ಇಬ್ಬರು ಗೌಡರಿಗೂ ಒಂದೊಂದು ಬಟ್ಟಲು ಸಾರು ಬಂತು. ದ್ಯಾವೇಗೌಡ ಒಂದು ಗುಟುಕು ಕುಡಿದ. ಹಣೆಯ ಮೇಲೆ ಬೆವರು ಮೂಡಿತು, ಆದರೆ ಎದುರಿಗೆ ಕೆಂಚೇಗೌಡ ಕೂತಿದ್ದಾನೆ. "ಹೂಂ, ಇರ್ಲಿ, ನಮ್ ಹಟ್ಟೀಲಿ ಕೂಸಿಗೆ ಹಾಕೋ ಸಾರು ಹಿಂಗೇ ಇರ್ತದೆ," ಎಂದ. ಕೆಂಚೇಗೌಡ ಬಿಟ್ಟಾನೆಯೇ? ಬಟ್ಟಲನ್ನು ಎತ್ತಿ ಅರ್ಧ ಕುಡಿದು, ತಮ್ಮ ಕಡೆ ಇದನ್ನು ಸಪ್ಪೆಸಾರು ಎನ್ನುತ್ತಾರೆಂದು ಹೇಳಹೊರಟ. 'ಸಪ್ಪೆ' ಎನ್ನುವಷ್ಟರಲ್ಲಿ ದನಿ ಹೋಯಿತು. ದ್ಯಾವೇಗೌಡ ತನ್ನ ಬಟ್ಟಲನ್ನು ಖಾಲಿ ಮಾಡಿದ. ಕೆಂಚೇಗೌಡನೂ ಖಾಲಿ ಮಾಡಿದ. ಇಬ್ಬರೂ ಕದಲದೆ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಇಬ್ಬರ ಕಿವಿಯೂ ಕೆಂಪಗಾಯಿತು. ಮೊದಲು ಯಾರ ಕೈ ಎದ್ದಿತೋ ಗೊತ್ತಿಲ್ಲ, ಈ ವಿಷಯದಲ್ಲಿ ಎರಡು ಹಟ್ಟಿಯವರೂ ಎರಡು ಬಗೆಯಾಗಿ ಹೇಳುತ್ತಾರೆ. ಅಂತೂ ಹತ್ತಿರವಿದ್ದ ಒಂದೇ ಚೊಂಬು ನೀರಿಗೆ ಇಬ್ಬರೂ ಕೈ ಹಾಕಿದರು. ಸಿಕ್ಕಿದ್ದು ಕೆಂಚೇಗೌಡನಿಗೆ. ಎತ್ತಿ ಗಟಗಟನೆ ಕುಡಿದು, ತಳದ ಹನಿಯನ್ನೂ ಬಾಯಿಗೆ ಕೊಡವಿಕೊಂಡು, ಆಮೇಲೆ ಕಣ್ಣು ಬಿಟ್ಟ.

ಆ ಚೊಂಬಿನಲ್ಲಿದ್ದದ್ದು ಬುಡದ ಬಾವಿಯ ನೀರು. ಕೆಂಚೇಗೌಡ ಖಾಲಿ ಚೊಂಬನ್ನು ನೋಡಿದ, ಗುಡಿಯನ್ನು ನೋಡಿದ, ಮತ್ತೆ ಚೊಂಬನ್ನು ನೋಡಿದ. ಹನ್ನೆರಡು ವರ್ಷದ ಆಣೆ ಒಂದೇ ಉಸಿರಿಗೆ ಗಂಟಲಿಳಿದಿತ್ತು. ಯಾರೂ ನಗಲಿಲ್ಲ, ನಗುವ ಧೈರ್ಯ ಯಾರಿಗೂ ಇರಲಿಲ್ಲ.

"ಇನ್ನೊಂದ್ ಚೊಂಬು ತರ್ಸ್ಲಾ, ಗೌಡ್ರೆ?" ಎಂದ ದ್ಯಾವೇಗೌಡ, ಮೆಲ್ಲಗೆ.

"ತರ್ಸಿ," ಎಂದ ಕೆಂಚೇಗೌಡ. "ಬಿಂದಿಗೇನೇ ತರ್ಸಿ."

ರಂಗಪ್ಪನೇ ಕುಡಿಸಿದ ನೀರಾದ್ದರಿಂದ ಆಣೆ ಅವನಿಗೇ ವಾಪಸಾಯಿತೆಂದು ದಾಸಪ್ಪ ಒದ್ದೆ ತಲೆ ಒರೆಸಿಕೊಳ್ಳುತ್ತ ತೀರ್ಪು ಕೊಟ್ಟ. ಅಷ್ಟೇ ಬೇಕಾಗಿತ್ತು. ಹೆಂಗಸರು ಬಾವಿಯ ಬೇಲಿ ಕಿತ್ತರು. ಬುಡದಿಂದ ನೆತ್ತಿಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಿಂದಿಗೆ ದಾಟಿಸಿದರು. ಕೊಪ್ಪರಿಗೆಯಲ್ಲಿ ಜಾಗವಿಲ್ಲವೆಂದು ಗಿರಿಯಮ್ಮ ಗುಡಿಯ ಹಿಂದಿನ ದೊಣೆಯನ್ನು ತೋರಿಸಿದಳು. ಬಿಸಿಲುಕಾಲ, ಅದು ಒಣಗಿ ಬಿದ್ದಿತ್ತು. ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ ತೊಳೆದು, ಸಾರನ್ನು ಅದಕ್ಕೆ ಸುರಿದು, ಮೇಲಿಂದ ನೀರು ಹೊಯ್ದರು. ಖಾರ ಇಳಿಯಿತು, ಆದರೆ ಸಾರು ನೀರುನೀರಾಯಿತು. ಎರಡೂ ಹಟ್ಟಿಯಿಂದ ಹುರುಳಿ ತರಿಸಿ ಬೇಯಿಸಿ ರುಬ್ಬಿ ಕಲಸಿದರು. ಗಟ್ಟಿಯಾಯಿತು, ಉಪ್ಪು ಸಾಲಲಿಲ್ಲ. ಉಪ್ಪು ಹಾಕಿದರು, ಹೆಚ್ಚಾಯಿತು. ಮತ್ತೆ ನೀರು. ಈಗ ರುಚಿ ನೋಡಲು ಯಾರಿಗೂ ಅಡ್ಡಿಯಿಲ್ಲವಾದ್ದರಿಂದ ಇನ್ನೂರು ನಾಲಗೆ, ಇನ್ನೂರು ಅಭಿಪ್ರಾಯ. ಮೇಗಳಹಟ್ಟಿಯವರು ಬೆಲ್ಲ ಬೀಳಲಿ ಎಂದರು. ಸಾರಿಗೆ ಬೆಲ್ಲ ಹಾಕುವವರ ಜೊತೆ ಇಷ್ಟು ವರ್ಷ ಮಾತು ಬಿಟ್ಟದ್ದೇ ಒಳ್ಳೆಯದಾಯಿತೆಂದು ಕೆಳಗಳಹಟ್ಟಿಯವರು ಹುಣಸೆಹುಳಿ ಕಿವುಚಿದರು. ಕೊನೆಗೆ ಎರಡೂ ಬಿತ್ತು, ಐವತ್ತು ತೆಂಗಿನಕಾಯಿಯೂ ಬಿತ್ತು. ಖಾರ ಹೀರಲೆಂದು ಯಾರೋ ಸಾರಿನಲ್ಲಿ ಎರಡು ಮುದ್ದೆ ಮುಳುಗಿಸಿಟ್ಟು ತೆಗೆದರು. ಪ್ರಸಾದವಾದ್ದರಿಂದ ಅವನ್ನು ಎಸೆಯುವಂತಿರಲಿಲ್ಲ, ದೇಹದಂಡನೆಯ ಹರಕೆ ಹೊತ್ತಿದ್ದ ಇಬ್ಬರಿಗೆ ತಿನ್ನಿಸಿದರು. ಅವರ ಹರಕೆ ಅಂದೇ ತೀರಿತು. ಬೆಲ್ಲವೋ ಹುಳಿಯೋ ಎಂಬ ಜಗಳದಲ್ಲಿ ಜನ ಮೈಮರೆತು ಮಾವ, ಭಾವ, ಅತ್ತೆ ಎಂದು ಕೂಗಾಡತೊಡಗಿದ್ದರು. ಈ ಹೆಸರುಗಳು ಅಲ್ಲಿ ಕೇಳಿಬಂದು ಹನ್ನೆರಡು ವರ್ಷವಾಗಿತ್ತು ಎಂಬುದು ದಾಸಪ್ಪನೊಬ್ಬನ ಗಮನಕ್ಕೆ ಬಂತು, ಅವನು ಬಾಯಿ ಮುಚ್ಚಿಕೊಂಡಿದ್ದ.

ಹೊತ್ತು ಇಳಿಯುವ ಮುಂಚೆ ಸಾರು ಹದಕ್ಕೆ ಬಂತು. ಕ್ಯಾತಮ್ಮ ಹೊಸದಾಗಿ ಬಿಟ್ಟ ಮೂಗಿನಿಂದ ಉಸಿರೆಳೆದು ಸಾಕೆಂದಳು. ಎಲ್ಲರೂ ಉಂಡರು, ಒಂದೆಲೆಯೂ ಉಳಿಯಲಿಲ್ಲ. ಆದರೆ ಒಂದು ಕೊಪ್ಪರಿಗೆ ಸಾರು ಈಗ ಒಂದು ದೊಣೆ ಸಾರಾಗಿತ್ತು, ಅಂದು ಖರ್ಚಾದದ್ದು ಒಂದು ಗೇಣು ಮಾತ್ರ. ಪ್ರಸಾದ ಚೆಲ್ಲುವಂತಿಲ್ಲ, ಗುಡ್ಡ ಇಳಿಸುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಎರಡೂ ಹಟ್ಟಿಯವರು ಬಂಡೆಯ ಮೇಲೇ ಬೀಡುಬಿಟ್ಟರು. ದನಕರು ನೋಡಿಕೊಳ್ಳಲು ಸರದಿಯ ಮೇಲೆ ಇಳಿದು ಹೋಗಿ ಬರುತ್ತಿದ್ದರು. ಹುರುಳಿ ಸಾರಿಗೆ ಕುದಿಸಿದಷ್ಟೂ ರುಚಿ. ದೊಣೆಯಿಂದ ಮೊಗೆದು ಕೊಪ್ಪರಿಗೆಯಲ್ಲಿ ಕುದಿಸಿ, ಹೊತ್ತುಹೊತ್ತಿಗೂ ಮುದ್ದೆ ಕಟ್ಟಿ ಉಂಡರು. ಎರಡನೆಯ ದಿನ ಅದು ನಿಜಕ್ಕೂ ಚೆನ್ನಾಗಿತ್ತು. ಮೂರನೆಯ ದಿನಕ್ಕೆ ಸಾರು ಎಂಬ ಮಾತು ಕೇಳಿದರೇ ಗೌಡರಿಬ್ಬರೂ ಕಳ್ಳಿಗಿಡದ ಹಿಂದೆ ಮರೆಯಾಗುತ್ತಿದ್ದರು. ಅಲ್ಲಿ ಒಟ್ಟಿಗೆ ಕೂತು ಎಲೆಯಡಿಕೆ ಹಾಕುತ್ತ, ಬಾವಿಯ ಹೂಳೆತ್ತಿಸುವ ಮಾತು ಮುಗಿಸಿಕೊಂಡರು, ಎರಡು ಮದುವೆಯನ್ನೂ ಗೊತ್ತುಮಾಡಿಕೊಂಡರು.

ಈ ಮೂರು ದಿನ ಕ್ಯಾತಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೊಮ್ಮಕ್ಕಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಅವರ ಜಡೆ ಹೆಣೆದಳು, ಕೈ ಹಿಡಿದು ಬಳೆಯ ಅಳತೆ ನೋಡಿದಳು. ಮಗಳ ಜೊತೆ ಒಲೆಯ ಮುಂದೆ ಕೂತು ಸಾರು, ಉಪ್ಪು, ಸೌದೆ ಎಲ್ಲದರ ಮಾತೂ ಆಡಿದಳು. ಆಡಬೇಕಾದ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಎರಡು ಬಾಣಂತನಕ್ಕೆ ಕರೆಯದವಳು ಈಗ ಯಾವ ಮುಖದಿಂದ ಮನೆಗೆ ಬಾ ಎನ್ನುವುದು? ಬರುವುದಿಲ್ಲ ಎಂದುಬಿಟ್ಟರೆ? ಗಿರಿಯಮ್ಮನೂ ತಾನಾಗಿ ಆ ಮಾತು ಎತ್ತಲಿಲ್ಲ. ಅತ್ತ ದೊಣೆಯಲ್ಲಿ ಸಾರು ಇಳಿಯುತ್ತಲೇ ಇತ್ತು. ಮೂರನೆಯ ದಿನ ಬೆಳಿಗ್ಗೆ ತಳದ ಬಂಡೆ ಕಾಣತೊಡಗಿದಾಗ ಊರವರೆಲ್ಲ ಉಸ್ಸೆಂದರು. ಕ್ಯಾತಮ್ಮ ಒಬ್ಬಳು ದೊಣೆಯ ಅಂಚು ಬಿಟ್ಟು ಏಳಲಿಲ್ಲ.

ಆದರೆ ಆ ದಿನ ಒಂದು ವಿಚಿತ್ರ ನಡೆಯಿತು. ಎಷ್ಟು ಮೊಗೆದರೂ ಸಾರು ಮುಗಿಯಲೊಲ್ಲದು. ಬೆಳಗಿನ ಊಟಕ್ಕೆ ಮೊಗೆದದ್ದು ಸ್ವಲ್ಪ ಹೊತ್ತಿನಲ್ಲೇ ತುಂಬಿಕೊಂಡಿತ್ತು. ಇದು ಅಕ್ಷಯ, ರಂಗಪ್ಪನ ಮಹಿಮೆ ಎಂದು ದಾಸಪ್ಪ ಸಾರಿಬಿಟ್ಟ. ಮಹಿಮೆ ಸ್ವಲ್ಪ ಕಡಿಮೆಯಾದರೆ ಮನೆಗೆ ಹೋಗಬಹುದಿತ್ತೆಂದು ದ್ಯಾವೇಗೌಡ ಗೊಣಗಿದ. ಸಾರಂತೂ ಎಷ್ಟು ತೆಳ್ಳಗಾಗಿತ್ತೆಂದರೆ ಸೌಟಿನಲ್ಲಿ ಎತ್ತಿದರೆ ಮುಖ ಕಾಣುತ್ತಿತ್ತು. ಗಿರಿಯಮ್ಮ ಬೆರಳದ್ದಿ ರುಚಿ ನೋಡಿದಳು. ಮಟಮಟ ಮಧ್ಯಾಹ್ನ, ಊರವರೆಲ್ಲ ಬಸರಿ ಮರದ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ದೊಣೆಯ ಕಡೆ ಹೋದಳು. ಅಲ್ಲಿ ಕ್ಯಾತಮ್ಮ ಸುಡುವ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು, ಸೊಂಟದ ಮೇಲಿನ ಬಿಂದಿಗೆಯನ್ನು ದೊಣೆಗೆ ಬಗ್ಗಿಸುತ್ತಿದ್ದಳು. ಗುಡ್ಡ ಇಳಿದು ಹತ್ತಿ ಅವಳ ಸೀರೆಯೆಲ್ಲ ಬೆವರಿಗೆ ಒದ್ದೆಯಾಗಿತ್ತು. ಮಗಳು ಅವಳ ಮುಂಗೈ ಹಿಡಿದುಕೊಂಡಳು.

"ಎಷ್ಟ್ನೇ ಬಿಂದಿಗೆ ಅವ್ವಾ ಇದು?"

"ಆರ್ನೇದು," ಎಂದಳು ಕ್ಯಾತಮ್ಮ, ಸಿಕ್ಕಿಬಿದ್ದವಳಂತೆ.

"ಯಾಕವ್ವಾ?"

ಕ್ಯಾತಮ್ಮ ಬಿಂದಿಗೆಯನ್ನೇ ನೋಡುತ್ತ ನಿಂತಳು. "ಸಾರು ಮುಗುದ್ರೆ ನೀನು ಹೊಂಟೋಯ್ತೀಯಲ್ಲೆ," ಎಂದಳು.

ಹನ್ನೆರಡು ವರ್ಷದಿಂದ ಗಿರಿಯಮ್ಮನೂ ತನ್ನ ಹಿತ್ತಿಲಿನಲ್ಲಿ ನಿಂತು ತವರಿನ ಹೊಗೆ ನೋಡಿದವಳೇ. ತಾಯಿಯ ಮೇಲೆ ಅವಳಿಗೆ ಸಿಟ್ಟಿತ್ತು. ಇದನ್ನು ಕೇಳಬೇಕು, ಹೀಗೇ ಕೇಳಬೇಕು ಎಂದು ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಆ ಒದ್ದೆ ಸೀರೆ, ಬೊಬ್ಬೆಯೆದ್ದ ಅಂಗಾಲು ನೋಡಿದ ಮೇಲೆ ಕೇಳಲು ಏನೂ ಉಳಿಯಲಿಲ್ಲ.

"ಕರೀಬೇಕಾಗಿತ್ತು ಕಣವ್ವಾ," ಎಂದಳು. "ಒಂದ್ ಮಾತು ಕರ್ದಿದ್ರೆ ಬೇಲಿ ಹಾರ್ಕಂಡು ಬತ್ತಿದ್ದೆ. ಅದ್ ಬಿಟ್ಟು ನೀರ್ ಹೊಯ್ತಾ ನಿಂತಿದ್ದೀಯಲ್ಲ."

"ಈಗ ಕರೀತೀನಿ. ಬಾರೆ ಗಿರಿ, ಮನೀಗ್ಬಾ."

"ಬತ್ತೀನಿ. ಮೊದ್ಲು ಬಿಂದ್ಗೆ ಇಳ್ಸು."

ಸಂಜೆಗೆ ಸಾರು ಮುಗಿಯಿತು. ದೊಣೆಯನ್ನು ಮುದ್ದೆಯಿಂದ ಬಳಿದು ಕೊನೆಯ ತುತ್ತನ್ನು ಗೌಡರಿಬ್ಬರಿಗೆ ಅರ್ಧರ್ಧ ಕೊಟ್ಟರು. ಜನ ಗುಡ್ಡ ಇಳಿದರು. ಗಿರಿಯಮ್ಮ ಮಕ್ಕಳೊಂದಿಗೆ ಮೇಗಳಹಟ್ಟಿಯ ದಾರಿ ಹಿಡಿದಳು. ಹೋದವಳು ಒಂದು ತಿಂಗಳು ಇದ್ದು ಬಂದಳು ಎನ್ನುತ್ತಾರೆ. ಕೆಳಗಳಹಟ್ಟಿಯ ಹಿರಿಯರಂತೂ ಆ ಸಾರಿಗೆ ರುಚಿ ಕೊಟ್ಟದ್ದು ತಮ್ಮ ಬಾವಿಯ ನೀರೇ ಎಂದು ಇವತ್ತಿಗೂ ಪಟ್ಟು ಬಿಟ್ಟಿಲ್ಲ. ಸಾರಿನ ಖಾರದ ಕೆಂಪು ಪಟ್ಟೆ ಉಳಿಸಿಕೊಂಡ ಆ ದೊಣೆ ಅಂದಿನಿಂದ ಸಾರುದೊಣೆಯಾಯಿತು.

ಈಗಲೂ ಬಿಸಿಲುಕಾಲದ ಪರಕ್ಕೆ ಹೋದವರು ಇದನ್ನು ನೋಡಬಹುದು. ಊಟವೆಲ್ಲ ಮುಗಿದು ಕೊಪ್ಪರಿಗೆ ಬಳಿದಾದ ಮೇಲೆ, ಎರಡೂ ಹಟ್ಟಿಯ ಮುದುಕಿಯರು, ಮಗಳನ್ನು ಬೇರೆ ಊರಿಗೆ ಕೊಟ್ಟವರು, ಒಂದೊಂದು ಬಿಂದಿಗೆ ನೀರು ಹೊತ್ತು ದೊಣೆಯ ಅಂಚಿಗೆ ಬಂದು ನಿಲ್ಲುತ್ತಾರೆ. ಇನ್ನೂ ಸಾರಿದೆ, ಯಾರೂ ಏಳಬೇಡಿ ಎಂದು ಗದರುತ್ತಾರೆ. ದೂರದ ಊರುಗಳಿಂದ ಬಂದ ಹೆಣ್ಣುಮಕ್ಕಳು ನಗುತ್ತ ಹೋಗಿ ಅವರವರ ತಾಯಿಯ ಮುಂಗೈ ಹಿಡಿಯುತ್ತಾರೆ. ಹೊಸದಾಗಿ ನೋಡಲು ಬಂದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ, ನಗುತ್ತಿದ್ದವರು ಯಾಕೆ ಕಣ್ಣೊರೆಸಿಕೊಂಡರೆಂದು ತಿಳಿಯದೆ ಅಕ್ಕಪಕ್ಕದವರನ್ನು ಕೇಳುತ್ತಾರೆ. ಮಗಳು ಬಾರದ ತಾಯಿ, ಮಗಳೇ ಇಲ್ಲವಾದ ತಾಯಿ ಒಬ್ಬಿಬ್ಬರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಅವರ ಕೈಯನ್ನು ಯಾರ ಮಗಳಾದರೂ ಹೋಗಿ ಹಿಡಿಯುತ್ತಾಳೆ, ಆ ರಾತ್ರಿ ಅವರ ಮನೆಗೇ ಹೋಗಿ ಉಣ್ಣುತ್ತಾಳೆ.